ತವರಿಗೆ ಮರಳಿದ ಕುದುರೆ

ಸಭಾಂಗಣದಲ್ಲಿ ಯಾರೋ ನಕ್ಕರು.

ಮೊದಲು ಒಬ್ಬರು, ಆಮೇಲೆ ನಾಲ್ಕೈದು ಮಂದಿ. ಚೆಸ್ ನೋಡಲು ಬಂದವರು ನಗುವುದೆಂದರೆ ಸ್ಮಶಾನದಲ್ಲಿ ಶಿಳ್ಳೆ ಹೊಡೆದ ಹಾಗೆ. ಮುಖ್ಯ ತೀರ್ಪುಗಾರರು ಬೂಟಿನ ಸದ್ದಾಗದಂತೆ, ನೋಡುವವರಿಗೆ ಅಡ್ಡ ಕಟ್ಟಿದ್ದ ಹಗ್ಗದ ಹತ್ತಿರ ಬಂದು ತುಟಿಯ ಮೇಲೆ ಬೆರಳಿಟ್ಟರು. ನಗು ನಿಂತಿತು.

ನಗುವುದಕ್ಕೆ ಕಾರಣವೂ ಇತ್ತೆನ್ನಿ. ಕೊನೆಯ ಸುತ್ತಿನ ಒಂದನೇ ಬೋರ್ಡು ಅದು. ಬಿಳಿ ಕಾಯಿ ನಮ್ಮ ಹುಡುಗಿಯದು, ಕಪ್ಪು ಕಾಯಿ ಮಾತೇ ಆಡದ ಕಾರಣಕ್ಕೆ ಎಲ್ಲರೂ ಮೌನಿ ಎಂದು ಕರೆಯುವ ಹುಡುಗನದು. ಮೌನಿ ಗೆದ್ದರೆ ಈ ವರ್ಷದ ಚಾಂಪಿಯನ್. ಹುಡುಗಿ ರಾಜನ ಮುಂದಿದ್ದ ಕಾಲಾಳನ್ನು ಎರಡು ಮನೆ ತಳ್ಳಿದಳು. ಮೌನಿ ತನ್ನ ಎಡಗಡೆಯ ಕುದುರೆಯನ್ನು ಹೊರಗೆ ಹಾರಿಸಿದ. ಹುಡುಗಿಯ ಕಾಲಾಳು ಇನ್ನೊಂದು ಮನೆ ಮುಂದೆ ಬಂದು ಕುದುರೆಯನ್ನು ಹೆದರಿಸಿತು. ಮೌನಿ ಅದೇ ಕುದುರೆಯನ್ನು ಎತ್ತಿ, ಹೊರಟ ಮನೆಗೇ ವಾಪಸ್ ತಂದಿಟ್ಟ.

ಹೋದ ಪುಟ್ಟ, ಬಂದ ಪುಟ್ಟ. ಪ್ರಶಸ್ತಿಯ ಹೊಸ್ತಿಲಲ್ಲಿ ನಿಂತವನು ಎರಡು ನಡೆಯನ್ನು ನೀರಿಗೆ ಹಾಕಿದರೆ ಜನ ನಗದೆ ಇರುತ್ತಾರೆಯೇ?

ಚೆಸ್ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಕುದುರೆ ಸೊಟ್ಟ ಹಾರುತ್ತದೆ, ರಾಜ ಸಿಕ್ಕಿಬಿದ್ದರೆ ಆಟ ಮುಗಿಯುತ್ತದೆ. ಆದರೆ ಆಟ ಶುರುಮಾಡುವ ಈ ಒಂದು ಆರಂಭದ ವಿಷಯ ಮಾತ್ರ ಅಲ್ಲಿ ಕೂತಿದ್ದ ಪಂಡಿತರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ನನಗೆ ನಗು ಬರಲಿಲ್ಲ, ಮೈ ಜುಮ್ಮೆಂದಿತು.

ಹುಡುಗಿಯೂ ನಗಲಿಲ್ಲ. ಅವಳ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಅವಳು ಮೌನಿಯನ್ನು ನೋಡುತ್ತಿರಲಿಲ್ಲ. ಅವನ ಹೆಗಲಿನ ಮೇಲಿಂದ ಹಿಂದಿನ ಖಾಲಿ ಗೋಡೆಯನ್ನು ನೋಡುತ್ತಿದ್ದಳು, ಅಲ್ಲಿ ಯಾರೋ ಬಂದು ನಿಂತಿದ್ದಾರೆ ಎಂಬಂತೆ.

ಯಾಕೆಂದರೆ ಆ ಕುದುರೆಯನ್ನು ಹಾಗೆ ಮನೆಗೆ ಕರೆದುಕೊಂಡು ಬರುತ್ತಿದ್ದವರು ಅವಳ ಅಪ್ಪ. ಅವರು ಸತ್ತು ಮೂರು ವರ್ಷವಾಗಿತ್ತು.

ಊರಿಗೆಲ್ಲ ಅವರು ಚೆಸ್ ಮೇಷ್ಟ್ರು. ಆಟದ ನಡುವೆ ಶಿಷ್ಯರಿಗೆ ಸನ್ನೆ ಮಾಡಿದರು ಎಂದು ಅವರ ಮೇಲೆ ಒಂದು ದೊಡ್ಡ ತರಬೇತಿ ಸಂಸ್ಥೆ ದೂರು ಕೊಟ್ಟಿತು, ಈಗ ತುಟಿಗೆ ಬೆರಳಿಟ್ಟು ನಿಂತಿರುವ ಇದೇ ತೀರ್ಪುಗಾರರು ಅವರನ್ನು ಆಟದಿಂದ ಹೊರಗಿಟ್ಟರು. ಅದಾದ ಒಂದು ವಾರಕ್ಕೆ, ಒಂದು ಸಂಜೆ, ಮೇಷ್ಟ್ರು ತಮ್ಮ ಮನೆಯ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ಬಿದ್ದರು. ಅವಮಾನ ತಾಳಲಾರದೆ ಹಾರಿದರು ಎಂದು ಪೊಲೀಸರು ಬರೆದು ಕೈತೊಳೆದುಕೊಂಡರು.

ಹುಡುಗಿ ಒಪ್ಪಲಿಲ್ಲ. ಹೋದ ತಿಂಗಳು ನನ್ನ ಬಾಗಿಲು ತಟ್ಟಿ, ಚಪ್ಪಲಿ ಬಿಡುವ ಮುಂಚೆಯೇ ಹೇಳಿದ್ದಳು. "ಅಪ್ಪ ಹಾರಿಲ್ಲ, ಇನ್ಸ್‌ಪೆಕ್ಟರಮ್ಮ. ಹೇಡಿ ಥರ ಹಾರ್ಕೊಂಡ್ರು ಅಂತ ಜನ ನನ್ನ ಮುಖಕ್ಕೇ ಹೇಳ್ತಾರೆ. ಅದೊಂದು ಮಾತು ಅವರ ಹೆಸರಿನ ಮೇಲಿಂದ ಅಳಿಸಿಕೊಡಿ, ಸಾಕು."

ನಾನು ಇಲಾಖೆ ಬಿಟ್ಟು ಎಷ್ಟೋ ಕಾಲವಾಯಿತು. ಇನ್ಸ್‌ಪೆಕ್ಟರಮ್ಮ ಎಂಬ ಹೆಸರು ಮಾತ್ರ ನನ್ನನ್ನು ಬಿಟ್ಟಿಲ್ಲ. ಸತ್ತವರು ಮಾತಾಡುವುದಿಲ್ಲ ಎಂದು ಇಲಾಖೆಯಲ್ಲಿ ಕಲಿಸುತ್ತಾರೆ. ಶುದ್ಧ ಸುಳ್ಳು. ಮೇಷ್ಟ್ರ ಮನೆಗೆ ಹೋದ ದಿನ ಅವರ ಮೇಜನ್ನು ನೋಡಿದೆ. ಅವರ ಹಳೆಯ ಬೋರ್ಡು ಇರುತ್ತಿದ್ದ ಜಾಗದಲ್ಲಿ ಮರದ ಬಣ್ಣ ಬೇರೆ, ಒಂದು ಚೌಕದಷ್ಟು. ಅವರು ಸತ್ತ ಸಂಜೆಯಿಂದ ಆ ಬೋರ್ಡು ಕಾಣೆಯಾಗಿದೆ. ಮೇಷ್ಟ್ರ ಹೆಂಡತಿ ನನ್ನ ಎದುರಿಗೇ ಮೇಜು ಒರೆಸಿದಳು. ಬಟ್ಟೆ ಆ ಚೌಕದ ಸುತ್ತ ಹೋಯಿತೇ ಹೊರತು ಅದರ ಮೇಲೆ ಹೋಗಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ನನಗೆ ಆ ಚೌಕವೇ ಕಾಣುತ್ತದೆ.

ಕಳೆದುಹೋದ ಬೋರ್ಡನ್ನು ಗುರುತು ಹಿಡಿಯುವುದು ಹೇಗೆ ಎಂದು ಅವತ್ತು ಹುಡುಗಿಯನ್ನು ಕೇಳಿದ್ದೆ.

"ಕಪ್ಪಿನ ಎಡಗಡೆ ಕುದುರೆ ನೋಡಿ," ಎಂದಿದ್ದಳು. "ನಾನು ಚಿಕ್ಕವಳಿದ್ದಾಗ ಸೋತ ಸಿಟ್ಟಿಗೆ ಅದನ್ನ ಗೋಡೆಗೆ ಎಸೆದಿದ್ದೆ. ತಲೆ ಕಿತ್ಕೊಂಡು ಬಂತು. ಅಪ್ಪ ಅಂಟು ಹಾಕಿದ್ರು, ಆದ್ರೆ ಅದು ನಿಲ್ತಾನೇ ಇರ್ಲಿಲ್ಲ. ಕತ್ತು ಹಿಡಿದು ಎತ್ತಿದ್ರೆ ತಲೆ ಕೈಗೆ ಬರೋದು, ಮುಂಡ ಬೋರ್ಡ್ ಮೇಲೇ ಇರೋದು. ಅದಕ್ಕೆ ನಾವು ಅದೊಂದನ್ನ ಬುಡದಲ್ಲಿ ಎರಡು ಬೆರಳು ಕೊಟ್ಟು, ಇನ್ನೊಂದು ಅಂಗೈನ ಕೆಳಗೆ ಹಿಡಿದು ಎತ್ತೋದು. ಹಸುಗೂಸು ಎತ್ತೋ ಹಾಗೆ."

"ಹೊಸ ಬೋರ್ಡಲ್ಲೂ?"

ಅವಳು ನಾಚಿಕೊಂಡಿದ್ದಳು. "ಕೈಗೆ ಎಲ್ಲಿ ಗೊತ್ತಾಗುತ್ತೆ ಅದು ಹೊಸದು ಅಂತ? ಎಲ್ಲೇ ಆಡಿದ್ರೂ ಆ ಕುದುರೆ ಬಂದ್ರೆ ಕೈ ತಾನಾಗೇ ಬುಡಕ್ಕೆ ಹೋಗುತ್ತೆ."

ಕುದುರೆ ಹೊರಟು ಮನೆಗೆ ಮರಳುವ ಆ ಆರಂಭಕ್ಕೆ ಅಪ್ಪ ಮಗಳು ಸೇರಿ 'ತವರಿಗೆ ಹೋದ ಕುದುರೆ' ಎಂದು ಹೆಸರಿಟ್ಟಿದ್ದರು. ಮೊದಲ ಎರಡು ನಡೆಯನ್ನು ಯಾರು ಬೇಕಾದರೂ ಆಡಬಹುದು, ದೊಡ್ಡವರು ನಾಚಿಕೆಗೆ ಆಡುವುದಿಲ್ಲ, ಅಷ್ಟೆ. ಮರಳಿದ ಕುದುರೆಯನ್ನು ಇಟ್ಟುಕೊಂಡು ಮುಂದೆ ಎದುರಾಳಿಯ ಕತ್ತು ಹಿಡಿಯುವುದು ಹೇಗೆ ಎಂಬುದು ಮೇಷ್ಟ್ರ ಗುಟ್ಟು. ವರ್ಷಗಟ್ಟಲೆ ಕೂತು ಕಟ್ಟಿದ್ದರು. ಪೂರ್ತಿಯಾಗುವ ಮುಂಚೆ ಹೋಗಿಬಿಟ್ಟರು.

ನನ್ನ ಪಕ್ಕದಲ್ಲಿ ಟಣ್ ಎಂದು ಸದ್ದಾಯಿತು. ಮೇಷ್ಟ್ರ ಹೆಂಡತಿಯ ಕೈಯಿಂದ ಸ್ವೆಟರ್ ಹೆಣೆಯುವ ಕಡ್ಡಿ ಜಾರಿ ಕೆಳಗೆ ಬಿದ್ದಿತ್ತು.

"ಜನ ಯಾಕಕ್ಕಾ ನಕ್ಕಿದ್ದು? ನಂಗೆ ಎದೆ ಧಸಕ್ ಅಂತು," ಎಂದು ಪಿಸುಗುಟ್ಟಿದಳು.

"ಆ ಹುಡುಗ ಏನೋ ದಡ್ಡ ನಡೆ ಆಡಿದ್ನಂತೆ."

"ಬಿಳೀದು ತಾನೇ ನಮ್ಮದು?"

"ಹೌದಮ್ಮಾ, ಬಿಳೀದು."

ಪಾಪ, ಇಪ್ಪತ್ತೈದು ವರ್ಷ ಚೆಸ್ ಮೇಷ್ಟ್ರ ಜೊತೆ ಸಂಸಾರ ಮಾಡಿಯೂ ಆಕೆಗೆ ಆಟದ ಗಂಧಗಾಳಿಯಿಲ್ಲ. "ಕುದುರೆ ಯಾವುದು ಕತ್ತೆ ಯಾವುದು ನನಗೆ ತಿಳಿಯಲ್ಲ, ಆ ಬೋರ್ಡನ್ನ ನಾನು ಒಂದು ದಿನಾನೂ ಮುಟ್ಟಿಲ್ಲ," ಎಂದು ಮೊದಲ ದಿನವೇ ಹೇಳಿದ್ದಳು. ಗಂಡ ಸತ್ತ ಸಂಜೆ ಆಕೆ ಮನೆಯಲ್ಲಿರಲಿಲ್ಲ. ಜಗಳವಾಡಿಕೊಂಡು ತವರಿಗೆ ಹೋಗಿದ್ದಳು. ವಾರದಿಂದ ಮಾತುಕತೆಯೂ ಇರಲಿಲ್ಲವಂತೆ. ಆ ಕೊರಗು ಆಕೆಯ ಮುಖದಲ್ಲಿ ಮನೆ ಮಾಡಿತ್ತು.

ಮೊದಲೆರಡು ನಡೆಯಲ್ಲಿ ನಾನು ಕಾಯಿಯನ್ನಷ್ಟೇ ನೋಡಿದ್ದೆ, ಈಗ ಮೌನಿಯ ಕೈಯ ಕಡೆ ನೋಡಿದೆ.

ಮುಂದಿನ ನಡೆಗಳಲ್ಲಿ ಅವನು ಕಾಲಾಳುಗಳನ್ನು ತಳ್ಳಿದ, ಒಂಟೆಯನ್ನು ಹೊರತಂದ, ಬಲಗಡೆಯ ಕುದುರೆಯನ್ನು ಎಲ್ಲರ ಹಾಗೆ ಕಿವಿ ಹಿಡಿದು ಎತ್ತಿಟ್ಟ. ಸ್ವಲ್ಪ ಹೊತ್ತಿಗೆ ಎಡಗಡೆಯ ಕುದುರೆ ಮತ್ತೆ ಹೊರಡಬೇಕಾಗಿ ಬಂತು.

ಅವನ ಎರಡು ಬೆರಳು ಕುದುರೆಯ ಬುಡಕ್ಕೆ ಹೋದವು. ಇನ್ನೊಂದು ಅಂಗೈ ತಾನಾಗಿ ಕೆಳಗೆ ಬಂತು.

ಮೇಷ್ಟ್ರನ್ನು ತಾನು ದೂರದಿಂದಲೂ ಕಂಡವನಲ್ಲ ಎಂದು ಹೋದ ವಾರವಷ್ಟೇ ನನ್ನ ಮುಂದೆ ಆಣೆ ಇಟ್ಟಿದ್ದ ಹುಡುಗ ಇವನು. ಬೆಳೆದದ್ದು ಮೇಷ್ಟ್ರ ಮೇಲೆ ದೂರು ಕೊಟ್ಟ ಆ ಸಂಸ್ಥೆಯ ಅನ್ನ ತಿಂದು. ಬಾಯಿ ಏನು ಬೇಕಾದರೂ ಹೇಳುತ್ತದೆ, ಅಭ್ಯಾಸವಾದ ಕೈಗೆ ಸುಳ್ಳು ಹೇಳಲು ಬರುವುದಿಲ್ಲ. ಸಿಕ್ಕಿಬಿದ್ದೆಯಲ್ಲ ಮಗನೇ, ಎಂದುಕೊಂಡೆ.

ಎದ್ದು ಹೋಗಿ ಕೊರಳಪಟ್ಟಿ ಹಿಡಿಯಲು ಇದು ಠಾಣೆಯಲ್ಲ. ಆಟದ ನಡುವೆ ಆಡುವವರ ಕಿವಿಗೆ ಬೀಳುವ ಹಾಗೆ ಒಂದು ಮಾತು ಆಡಿದರೆ ಹುಡುಗಿ ಸೋತಂತೆ ಬರೆದುಬಿಡುತ್ತಾರೆ. ಹಲ್ಲು ಕಚ್ಚಿ ಕೂತೆ.

ಅಷ್ಟರಲ್ಲಿ ಮೌನಿ ಒಂದು ವಿಚಿತ್ರ ಮಾಡಿದ. ನಡುವಿನ ಕಾಲಾಳೊಂದನ್ನು ಸೀದಾ ಹುಡುಗಿಯ ಕಾಯಿಗಳ ಬಾಯಿಗೆ ತಳ್ಳಿದ. ಪುಕ್ಕಟೆ. ಕಾವಲಿಲ್ಲ, ಆಸರೆಯಿಲ್ಲ. ನನ್ನಂಥವಳಿಗೂ ಕಾಣುವಷ್ಟು ಪುಕ್ಕಟೆ. ಆಮೇಲೆ ಅವನು ಬೋರ್ಡು ನೋಡುವುದನ್ನೇ ಬಿಟ್ಟು ಹುಡುಗಿಯ ಮುಖವನ್ನು ನೋಡುತ್ತ ಕೂತ.

ಕುದುರೆ ಮನೆಗೆ ಮರಳಿದಾಗ ಬೆವೆತು ಬಹಳ ಹೊತ್ತು ಕೈ ಮಡಚಿ ಕೂತಿದ್ದ ನಮ್ಮ ಹುಡುಗಿ ಈಗ ಕಣ್ಣು ಮಿಟುಕಿಸುವಷ್ಟೂ ತಡ ಮಾಡಲಿಲ್ಲ. ಕಾಲಾಳನ್ನು ಮುಟ್ಟಲಿಲ್ಲ. ತನ್ನ ಒಂಟೆಯನ್ನು ಒಂದೇ ಮನೆ ಹಿಂದಕ್ಕೆ ಸರಿಸಿ ಗಡಿಯಾರ ಒತ್ತಿದಳು.

ಹಗ್ಗದ ಹತ್ತಿರ ನಿಂತಿದ್ದ ತೀರ್ಪುಗಾರರ ಉಸಿರು ನನಗೆ ಕೇಳಿಸಿತು.

"ಏನ್ಸಾರ್?" ಎಂದೆ ಮೆಲ್ಲಗೆ.

"ಆ ಕಾಲಾಳು ವಿಷ," ಎಂದರು ಅವರು, ತುಟಿ ಅಲುಗಿಸದೆ. "ತಿಂದಿದ್ರೆ ಮಂತ್ರಿ ಹೋಗ್ತಿತ್ತು. ಒಂಟೆ ಹಿಂದಕ್ಕೆ ತಗೊಳೋದೊಂದೇ ದಾರಿ. ಅವಳು ಆಡಿ ತೋರಿಸಿದ ಮೇಲೆ ಕಾಣಿಸ್ತು, ಇಲ್ದಿದ್ರೆ ನನಗೆ ಅರ್ಧ ದಿನ ಬೇಕಿತ್ತು ತಾಯಿ. ಈ ಹುಡುಗಿ ಯೋಚ್ನೇನೇ ಮಾಡ್ಲಿಲ್ಲ!"

ಹುಲಿಯ ಹೊಟ್ಟೆಯಲ್ಲಿ ಹುಲಿಯೇ ಹುಟ್ಟುತ್ತದೆ ಎಂದು ನನಗೆ ಹೆಮ್ಮೆಯಾಯಿತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಎದುರಿಗೆ ಕಂಡದ್ದನ್ನು ನಾನು ಆಗಲೇ ಪರಾಂಬರಿಸಿದ್ದರೆ ಎಷ್ಟೋ ಸಂಕಟ ತಪ್ಪುತ್ತಿತ್ತು.

ಮೌನಿ ಆ ಒಂಟೆಯನ್ನೇ ನೋಡಿದ. ಆಮೇಲೆ, ಗೆದ್ದರೆ ಮಾತ್ರ ಕಿರೀಟ ಎಂದು ಗೊತ್ತಿದ್ದ ಆ ಹುಡುಗ, ಕೈ ಮುಂದೆ ಚಾಚಿ ಹೇಳಿದ.

"ಡ್ರಾ."

ಹುಡುಗಿ ಅವನ ಕೈಯನ್ನು ಕುಲುಕಿದಳು. ಕೆಂಡ ಮುಟ್ಟಿದವಳಂತೆ ತಕ್ಷಣ ಬಿಟ್ಟಳು.

ಸಭಾಂಗಣದ ಪಕ್ಕದಲ್ಲಿ ಒಂದು ಕೋಣೆಯಿದೆ. ಆಟ ಮುಗಿಸಿದವರು ಅಲ್ಲಿ ಕೂತು, ಹಾಗಾಡಿದ್ದರೆ ಹೀಗಾಗುತ್ತಿತ್ತು ಎಂದು ಸತ್ತ ಆಟಕ್ಕೆ ಜೀವ ತುಂಬುತ್ತಾರೆ. ಬಾಗಿಲಿಗೆ ಅರ್ಧ ಗಾಜು. ಒಳಗೆ ಒಂದರ ಮೇಲೊಂದು ಪೇರಿಸಿದ ಕುರ್ಚಿ, ನೀರಿನ ಕ್ಯಾನು, ಎರಡು ಬೋರ್ಡು. ಮೌನಿ ಒಬ್ಬನೇ ಅಲ್ಲಿಗೆ ಹೋದದ್ದು ಕಂಡು ನಾನೂ ಹಿಂದೆಯೇ ನುಗ್ಗಿ ಬಾಗಿಲು ಹಾಕಿಕೊಂಡೆ.

"ಅಭಿನಂದನೆ ಹೇಳೋಕೆ ಬಂದ್ರಾ ಮೇಡಂ? ಗೆದ್ದಿಲ್ಲ," ಎಂದ.

"ಆ ಕಪ್ಪು ಕುದುರೆ ಕೊಡಪ್ಪಾ ಇಲ್ಲಿ."

ಅವನಿಗೆ ಅರ್ಥವಾಗಲಿಲ್ಲ. ಹತ್ತಿರದ ಬೋರ್ಡಿನಿಂದ ಎಡಗಡೆಯ ಕುದುರೆಯನ್ನು ಎತ್ತಿದ. ಎರಡು ಬೆರಳು ಬುಡಕ್ಕೆ, ಅಂಗೈ ಕೆಳಗೆ.

"ಇನ್ನೊಂದು?"

ಬಲಗಡೆಯದನ್ನು ಕಿವಿ ಹಿಡಿದು ಎತ್ತಿ ಕೊಟ್ಟ.

"ಯಾಕಪ್ಪಾ, ಒಂದಕ್ಕೆ ಮಾತ್ರ ಇಷ್ಟು ಉಪಚಾರ? ತಲೆ ಬಿದ್ದುಹೋಗುತ್ತೆ ಅಂತ ಭಯಾನಾ?"

ಅವನು ತನ್ನ ಕೈಯನ್ನು ತಾನೇ ನೋಡಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಕುರ್ಚಿಯ ಮೇಲೆ ಕುಸಿದ.

"ಮೇಷ್ಟ್ರನ್ನ ನೋಡೇ ಇಲ್ಲ ಅಂದಿದ್ದೆ," ಎಂದೆ.

"ಸುಳ್ಳು ಹೇಳ್ದೆ."

"ಅವರ ಬೋರ್ಡ್ ಎಲ್ಲಿಟ್ಟಿದೀಯ?"

"ನನ್ನ ಹತ್ರ ಇಲ್ಲ. ನಮ್ಮಮ್ಮನಾಣೆ ಇಲ್ಲ ಮೇಡಂ."

"ಹೋದ ಸಲಾನೂ ನಿಮ್ಮಮ್ಮನ ಮೇಲೇ ಆಣೆ ಇಟ್ಟಿದ್ದೆ. ಆಯಮ್ಮ ಹುಷಾರಾಗಿದಾರೆ ತಾನೇ?"

ಅವನು ನಗಲಿಲ್ಲ. ಮುಖ ಮುಚ್ಚಿಕೊಂಡ. ಮೂರು ವರ್ಷ ಕಟ್ಟಿಟ್ಟಿದ್ದು ಒಡೆಯುವ ಹೊತ್ತು ಬಂದಾಗ ಮನುಷ್ಯನ ಹೆಗಲು ಹೇಗೆ ಇಳಿಯುತ್ತದೆ ಎಂದು ನನಗೆ ಗೊತ್ತು.

"ಕದ್ದು ಹೋಗ್ತಿದ್ದೆ," ಎಂದ ಕೊನೆಗೆ. "ನಮ್ಮ ಸಂಸ್ಥೆಯವರಿಗೆ ಗೊತ್ತಾದ್ರೆ ಅವತ್ತೇ ಬೀದಿಗೆ ಹಾಕ್ತಿದ್ರು. ಮೇಷ್ಟ್ರ ಅಡುಗೆಮನೆ ಹಿಂದೆ ಕಸ ತಗೊಂಡು ಹೋಗೋಕೆ ಒಂದು ಮೆಟ್ಟಿಲಿದೆ. ಅದರಲ್ಲಿ ಹೋಗಿ ಅದರಲ್ಲೇ ಬರೋದು. ಅವರ ಮಗಳಿಗೂ ಗೊತ್ತಿರ್ಲಿಲ್ಲ. ಮೇಷ್ಟ್ರು ಒಂದು ದಿನಾನೂ ನನ್ನ ಹತ್ರ ಏನೂ ಕೇಳ್ಲಿಲ್ಲ ಮೇಡಂ. 'ಕುದುರೆ ತಲೆ ಹುಷಾರು ಕಣೋ' ಅನ್ನೋರು, ಅಷ್ಟೆ."

"ಅವರು ಸತ್ತ ಸಂಜೆ?"

"ಅಲ್ಲೇ ಇದ್ದೆ."

ನಾನು ಕುರ್ಚಿ ಎಳೆದು ಅವನ ಎದುರಿಗೆ ಕೂತೆ.

"ಆ ಆರಂಭದಲ್ಲಿ ಒಂದು ಗಂಟು ಬಿಡಿಸೋಕೆ ಆಗ್ತಿರ್ಲಿಲ್ಲ ಅವರಿಗೆ. ಅವತ್ತು ಬಿಡಿಸಿದ್ರು. ಆ ಕಾಲಾಳು, ಪುಕ್ಕಟೆ ಕೊಡೋದು. ಎದುರಿನವರು ತಿಂದ್ರೆ ಸತ್ರು. ತಿನ್ನದೆ ಒಂಟೆ ಹಿಂದಕ್ಕೆ ತಗೊಂಡ್ರೆ ಮಾತ್ರ ಬದುಕ್ತಾರೆ. ಅದನ್ನೂ ಅವರೇ ಕಂಡುಹಿಡಿದ್ರು, ನನ್ನ ಕಣ್ಣೆದುರಿಗೇ. ಎದ್ದು ಕುಣಿದುಬಿಟ್ರು. 'ಆಟದಿಂದ ಹೊರಗೆ ಹಾಕಿದ್ರೆ ಹಾಕ್ಲಿ, ನಾಳೆ ಮಗಳು ಬರ್ತಾಳೆ, ಅವಳಿಗೆ ತೋರಿಸ್ತೀನಿ' ಅಂದ್ರು. ಹಾಗಂದವರು ಹಾರ್ಕೊಳ್ತಾರಾ ಮೇಡಂ? ನೀವೇ ಹೇಳಿ."

ಇಲ್ಲ, ಹಾರಿಕೊಳ್ಳುವುದಿಲ್ಲ. ಹುಡುಗಿ ಕೇಳಿದ್ದ ಒಂದು ಮಾತಿಗೆ ಸಾಕ್ಷಿ ನನ್ನ ಎದುರಿಗೇ ಕೂತಿತ್ತು. ಈಗಲೇ ಓಡಿಹೋಗಿ ಅವಳಿಗೆ ಹೇಳಬೇಕೆನ್ನಿಸಿತು. ಆದರೆ ಅವನ ಕಣ್ಣಿನಲ್ಲಿ ಇನ್ನೂ ಏನೋ ಉಳಿದಿತ್ತು.

"ಆಮೇಲೆ?"

"ಮುಂದಿನ ಬಾಗಿಲ ಬೆಲ್ಲಾಯ್ತು. ಮೇಷ್ಟ್ರು ನನಗೆ ಹಿಂದಿನ ಮೆಟ್ಟಿಲು ತೋರಿಸಿದ್ರು. ಬೋರ್ಡ್ ಮೇಲೆ ಕಾಯಿ ಹಾಗೇ ಇತ್ತು, ಒಂಟೆ ಹಿಂದಕ್ಕೆ ಬಂದ ಹಾಗೆ. ನಾನು ಅಡುಗೆಮನೆ ದಾಟೋವಾಗ ಅವರು ಬಾಗಿಲು ತೆಗೆದಿದ್ದು ಕೇಳಿಸ್ತು. 'ಬಂದ್ಯಾ? ಬಾ ಬಾ, ಒಳಗೆ ಬಾ. ನಿಂಗೆ ಒಂದು ತೋರಿಸ್ಬೇಕು' ಅಂದ್ರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ. ಬೆಳಿಗ್ಗೆ ಎದ್ರೆ ಅವರಿಲ್ಲ ಅಂತ ಸುದ್ದಿ."

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಮೇಡಂ. ನಾನೇ ತಳ್ಳಿದೆ ಅಂದ್ರೆ? ಹೇಡಿ ನಾನು, ಅವರಲ್ಲ." ಅವನು ಮೂಗು ಒರೆಸಿಕೊಂಡ. "ದಿನಾ ಆ 'ಬಾ ಬಾ' ಕೇಳಿಸುತ್ತೆ. ಸ್ನಾನ ಮಾಡುವಾಗ, ಬಸ್ಸಲ್ಲಿ. ಯಾರನ್ನ ಕರೆದ್ರು ಅವರು? ಬೋರ್ಡ್ ತೋರಿಸೋಕೆ ಅಷ್ಟು ಪ್ರೀತಿಯಿಂದ ಯಾರನ್ನ ಕರೀತಾರೆ? ಮಗಳನ್ನ ಅಲ್ದೆ?"

"ಅವಳು ಅವತ್ತು ಬೇರೆ ಊರಲ್ಲಿ ಆಡ್ತಿದ್ಲು."

"ಹಾಗಂತ ಅವಳು ಹೇಳ್ತಾಳೆ."

"ಏನು ನಿನ್ನ ಮಾತಿನ ಅರ್ಥ?"

ಮೌನಿ ಎಂದು ಹೆಸರಿಟ್ಟವರು ಅವನನ್ನು ಅವತ್ತು ನೋಡಬೇಕಿತ್ತು.

"ನಾನು ಇವತ್ತು ಗೆಲ್ಲೋಕೆ ಕೂರ್ಲಿಲ್ಲ. ಕೇಳೋಕೆ ಕೂತಿದ್ದು. ಬಾಯಲ್ಲಿ ಕೇಳೋ ಧೈರ್ಯ ಇಲ್ಲ, ಅದಕ್ಕೆ ಕಾಯಲ್ಲಿ ಕೇಳ್ದೆ. ಆ ಕಾಲಾಳನ್ನ ಮುಂದಿಟ್ಟೆ. ಅವಳು ತಿಂದಿದ್ರೆ, ಇಲ್ಲಾ ಯೋಚನೆ ಮಾಡ್ತಾ ಕೂತಿದ್ರೆ, ಅವಳು ಅವತ್ತು ಅಲ್ಲಿರ್ಲಿಲ್ಲ ಅಂತ ನನಗೆ ನೆಮ್ಮದಿ ಆಗ್ತಿತ್ತು. ಅವಳು ಯೋಚನೆ ಮಾಡಿದ್ಲಾ ಮೇಡಂ? ನೀವೂ ನೋಡಿದ್ರಿ. ಆ ಉತ್ತರ ಈ ಭೂಮಿ ಮೇಲೆ ಗೊತ್ತಿದ್ದಿದ್ದು ಮೇಷ್ಟ್ರಿಗೆ, ನನಗೆ. ಮೂರನೆಯವರು ಅಂದ್ರೆ ಆ ಸಂಜೆ ಬಾಗಿಲಿಂದ ಒಳಗೆ ಬಂದವರು."

ಕಣ್ಣು ಮಿಟುಕಿಸುವಷ್ಟೂ ತಡ ಮಾಡದ ಆ ಕೈಯನ್ನು ನಾನೇ ನೋಡಿ ಹುಲಿ ಎಂದು ಹೆಮ್ಮೆಪಟ್ಟಿದ್ದೆ. ಯಾರ ಪರವಾಗಿ ಹುಡುಕಲು ಹೊರಟೆನೋ ಅವರ ಬಾಗಿಲಿಗೇ ಹೆಜ್ಜೆ ಗುರುತು ಹೋಗಿ ನಿಂತರೆ ಏನು ಮಾಡುವುದು?

ಬಾಗಿಲು ತಳ್ಳಿಕೊಂಡು ಹುಡುಗಿ ಒಳಗೆ ಬಂದಳು.

ಅವಳು ನನ್ನನ್ನು ನೋಡಲಿಲ್ಲ. ನೇರ ಮೌನಿಯ ಎದುರಿಗೆ ಹೋಗಿ ನಿಂತಳು. "ಎಲ್ಲಿ ಕಲಿತೆ ಅದನ್ನ? ಅದು ನಮ್ಮಪ್ಪಂದು. ಎಲ್ಲಿ ಸಿಕ್ತು ನಿನಗೆ?"

"ಕೂತ್ಕೋಮ್ಮಾ," ಎಂದೆ.

"ಕೂರಲ್ಲ. ಇವನ ಎದುರಿಗೆ ಕೂತಿದ್ದಷ್ಟು ಹೊತ್ತೂ ಅಪ್ಪನ ಎದುರಿಗೆ ಕೂತಿದ್ದ ಹಾಗೇ ಅನ್ನಿಸ್ತು ನನಗೆ. ಅಪ್ಪ ನನಗೆ ಪ್ರಶ್ನೆ ಹಾಕೋ ಹಾಗೇ ಹಾಕ್ದ, ಒಂದೊಂದು ನಡೇಲೂ!" ಅವಳು ಮತ್ತೆ ಮೌನಿಯ ಕಡೆ ತಿರುಗಿದಳು. "ಹೇಳು, ಎಲ್ಲಿ ಸಿಕ್ತು?"

"ಅದನ್ನ ಅವನು ನನಗೆ ಹೇಳಿದ್ದಾನೆ. ನಿನಗೂ ಹೇಳ್ತಾನೆ. ಮೊದ್ಲು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡು." ನನ್ನ ದನಿ ಠಾಣೆಯ ದನಿಯಾಗಿದ್ದು ನನಗೇ ಗೊತ್ತಾಯಿತು. "ಆ ಕಾಲಾಳನ್ನ ಯಾಕೆ ತಿನ್ಲಿಲ್ಲ?"

"ತಿನ್ಬಾರ್ದು. ಒಂಟೆ ಹಿಂದಕ್ಕೆ ತಗೋಬೇಕು."

"ಅದು ನಿನಗೆ ಹೇಗೆ ಗೊತ್ತು? ಅಪ್ಪ ಆ ಆರಂಭ ಮುಗಿಸೇ ಇರ್ಲಿಲ್ಲ ಅಂತ ನೀನೇ ಹೇಳಿದ್ದೆ."

"ಅಪ್ಪ ಅಲ್ಲ. ಅಮ್ಮ ಹೇಳಿದ್ದು."



"ಯಾವ ಅಮ್ಮ?" ಎಂದುಬಿಟ್ಟೆ, ಪೆದ್ದಿಯ ಹಾಗೆ.

"ನಮ್ಮಮ್ಮ. ಹೋದ ತಿಂಗಳು, ನಿಮ್ಮನ್ನ ನೋಡೋಕೆ ಬರೋ ಹಿಂದಿನ ದಿನ. ಅಡುಗೆಮನೆ ಮೇಜಿನ ಮೇಲೆ ಕಾಯಿ ಜೋಡಿಸ್ಕೊಂಡು ಅಪ್ಪನ ಕುದುರೆ ನೆನಪು ಮಾಡ್ಕೊಳ್ತಿದ್ದೆ. ಈ ಟೂರ್ನಮೆಂಟಲ್ಲಿ ಅಪ್ಪನ ಹೆಸರಲ್ಲಿ ನಾನೇ ಅದನ್ನ ಆಡೋಣ ಅಂತ. ಮುಂದಕ್ಕೆ ಹೋಗ್ಲೇ ಇಲ್ಲ, ಅಳ್ತಾ ಕೂತಿದ್ದೆ. ಅಮ್ಮ ಒಲೆ ಹತ್ರ ನಿಂತಿದ್ಲು. ತಿರುಗಿ ನೋಡಿ, 'ಅಳ್ಬೇಡ ಮರೀ, ಆ ಕಾಲಾಳನ್ನ ಬಿಟ್ಟುಕೊಡು. ಅದನ್ನ ತಿಂದ್ರೆ ಅವರು ಕೆಟ್ರು, ಒಂಟೆ ಹಿಂದಕ್ಕೆ ತಗೊಂಡ್ರೆ ಮಾತ್ರ ಉಳ್ಕೊಳ್ತಾರೆ' ಅಂದ್ಲು. 'ನಿನಗೆ ಹೇಗಮ್ಮಾ ಗೊತ್ತು' ಅಂದೆ. 'ನಿಮ್ಮಪ್ಪ ಯಾವಾಗ್ಲೋ ಹೇಳಿದ್ರು' ಅಂತ…"

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು.

ಮಗಳು ಅಳುವುದನ್ನು ನೋಡಲಾರದ ತಾಯಿ ಬಾಯಿ ತಪ್ಪಿ ಆಡಿದ ಮಾತು. ಯಾವ ತಾಯಿಯೂ ಆಡಿಬಿಡುತ್ತಿದ್ದಳು. ನನಗೆ ಆ ಕ್ಷಣ ಆಕೆಯ ಮೇಲೆ ಬಂದದ್ದು ಸಿಟ್ಟಲ್ಲ, ಸಂಕಟ.

"ಯಾವಾಗ್ಲೋ ಅಲ್ಲ," ಎಂದ ಮೌನಿ, ನೆಲ ನೋಡುತ್ತ. "ಮೇಷ್ಟ್ರು ಅದನ್ನ ಕಂಡುಹಿಡಿದಿದ್ದು ಸತ್ತ ಸಂಜೆ. ನಾನು ಅವರ ಎದುರಿಗೇ ಕೂತಿದ್ದೆ."

ಹುಡುಗಿ ಅವನನ್ನು ನೋಡಿದಳು. ಆಮೇಲೆ ನನ್ನನ್ನು. ಲೆಕ್ಕ ಅವಳ ತಲೆಯಲ್ಲಿ ಒಂದೊಂದೇ ನಡೆಯಾಗಿ ಮುಂದೆ ಹೋಗುತ್ತಿದ್ದುದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

"ಅಮ್ಮ ತವರಲ್ಲಿದ್ಲು," ಎಂದಳು. "ಮಾವನ ಮನೇಲಿ. ವಾರದಿಂದ ಅಪ್ಪನ ಹತ್ರ ಫೋನಲ್ಲೂ ಮಾತಾಡಿರ್ಲಿಲ್ಲ. ಅಮ್ಮಂಗೆ ಚೆಸ್ಸೇ ಬರಲ್ಲ."

ಬಾಗಿಲಿನ ಗಾಜಿನ ಆಚೆ ನನ್ನ ಕಣ್ಣು ನೆಟ್ಟಿತ್ತು.

ಸಭಾಂಗಣ ಬರಿದಾಗಿತ್ತು. ಕೆಲಸದವರು ಆ ತುದಿಯಿಂದ ಬೋರ್ಡುಗಳನ್ನು ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ಎದ್ದು ಹೋದವರ ತೋಳು ತಗುಲಿಯೋ ಏನೋ, ಒಂದನೇ ಬೋರ್ಡಿನ ಮೇಲೆ ಕಾಯಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಮೇಷ್ಟ್ರ ಹೆಂಡತಿ ಹೆಣಿಗೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಗಳನ್ನು ಹುಡುಕುತ್ತ ಹೇಗೋ ಹಗ್ಗ ದಾಟಿ ಅಲ್ಲಿಗೆ ಬಂದಿದ್ದಳು. ನಿಂತಳು. ಸುತ್ತ ಒಮ್ಮೆ ನೋಡಿದಳು. ಯಾರೂ ತನ್ನನ್ನು ನೋಡುತ್ತಿಲ್ಲ ಎಂದುಕೊಂಡಳು.

ಬಗ್ಗಿ, ಬಿದ್ದಿದ್ದ ಕಾಯಿಗಳನ್ನು ಒಂದೊಂದಾಗಿ ನಿಲ್ಲಿಸತೊಡಗಿದಳು. ಆನೆಯನ್ನು ಆನೆಯ ಮನೆಗೆ. ಒಂಟೆಯನ್ನು ಒಂಟೆಯ ಮನೆಗೆ. ಎಲ್ಲವನ್ನೂ ತಲೆ ಹಿಡಿದು, ಚಕಚಕ.

ಕಪ್ಪಿನ ಎಡಗಡೆಯ ಕುದುರೆಯ ಹತ್ತಿರ ಬಂದಾಗ ಆಕೆಯ ಕೈ ನಿಧಾನವಾಯಿತು.

ಎರಡು ಬೆರಳನ್ನು ಬುಡಕ್ಕೆ ಕೊಟ್ಟಳು. ಇನ್ನೊಂದು ಅಂಗೈಯನ್ನು ಕೆಳಗೆ ಹಿಡಿದಳು. ಹಸುಗೂಸನ್ನು ಎತ್ತುವ ಹಾಗೆ ಎತ್ತಿ, ಅದರ ಮನೆಯಲ್ಲಿ ಇಟ್ಟಳು.

ನನ್ನ ಹಿಂದೆ ಮೌನಿ ಕುರ್ಚಿಯಿಂದ ಎದ್ದು ನಿಂತ. ಹುಡುಗಿಯ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದವು. ಉಗುರು ಚರ್ಮದೊಳಗೆ ಇಳಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅಪ್ಪನ ಹೆಸರಿಗಾಗಿ ಒಂದು ತಿಂಗಳಿಂದ ನನ್ನನ್ನು ಮಲಗಲು ಬಿಡದಿದ್ದ ಹುಡುಗಿ ಈಗ ನನ್ನ ಕಿವಿಯ ಹತ್ತಿರ ಬಂದು ಬೇಡಿಕೊಂಡಳು.

"ಇನ್ಸ್‌ಪೆಕ್ಟರಮ್ಮ, ನೀವು ಏನೂ ನೋಡ್ಲಿಲ್ಲ. ಅಲ್ವಾ?"

ಗಾಜಿನ ಆಚೆ ತಾಯಿ ತಲೆಯೆತ್ತಿ ನಮ್ಮ ಕಡೆ ನೋಡಿದಳು.